ಮುಂಬ್ರಾ ಬಂದರೆ ಏಳಬೇಕು

ನಮ್ಮ ಡೊಂಬಿವಲಿಯ ಕಟ್ಟಡದಲ್ಲಿ ಯಾರ ಮನೆಯ ಅಟ್ಟದಿಂದ ಏನು ಇಳಿಸಬೇಕಾದರೂ ನನ್ನನ್ನು ಕರೆಯುತ್ತಿದ್ದರು. ಗಣಪತಿಯ ಮಂಟಪ, ಮಳೆಗಾಲದ ತಾಡಪತ್ರಿ, ವರ್ಷಕ್ಕೊಮ್ಮೆ ಬೇಕಾಗುವ ದೊಡ್ಡ ಪಾತ್ರೆ. ಸೊಸೈಟಿಯ ಏಣಿ ಕೆಳಗೆ ಮೀಟರಿನ ಕೋಣೆಯಲ್ಲೇ ಇತ್ತು. ಆದರೆ ಏಣಿ ಬೇಕೆಂದರೆ ಮೆಟ್ಟಿಲು ಇಳಿಯಬೇಕು, ಹೊತ್ತುಕೊಂಡು ಹತ್ತಬೇಕು. ನನಗಾದರೆ ಬೆಲ್ ಒತ್ತಿದರೆ ಸಾಕು. ನಾನು ಆರಡಿಗೆ ಸ್ವಲ್ಪ ಕಡಿಮೆ. ಆ ಎತ್ತರ ಅಪ್ಪನದು. ಅಪ್ಪ ಉಡುಪಿ ಕಡೆಯಿಂದ ಬಂದು ಕಲ್ಯಾಣದ ಒಂದು ಹೋಟೆಲಿನ ಗಲ್ಲಾದಲ್ಲಿ ಕೂತು ಆಯುಷ್ಯ ಕಳೆದವರು. ಕೂತವರ ಎತ್ತರ ಯಾರಿಗೂ ಕಾಣುವುದಿಲ್ಲ, ಹಾಗಾಗಿ ಅವರು ಬಚಾವಾದರು. ನನ್ನದು ನಿಂತೇ ಇರುವ ಜೀವನ, ಎಲ್ಲರಿಗೂ ಕಂಡಿತು.

ಗಂಡು ಸಿಗದೆ ಇದ್ದದ್ದಕ್ಕೂ ಎತ್ತರವೇ ಕಾರಣ ಎಂದು ನೆಂಟರಲ್ಲಿ ಮಾತಿತ್ತು. ಹುಡುಕಿದವರು ಯಾರು ಎಂದು ನಾನು ಕೇಳಲು ಹೋಗಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದದ್ದು ಅಮ್ಮ, ತಮ್ಮ ಮತ್ತು ನಾನು. ತಮ್ಮ ಮದುವೆಯಾಗಿ ಕಾಮೋಠೆಯಲ್ಲಿ ಫ್ಲ್ಯಾಟ್ ಮಾಡಿಕೊಂಡ. ಅದಾದ ಸ್ವಲ್ಪ ಸಮಯಕ್ಕೆ ಅಮ್ಮನಿಗೆ ಲಕ್ವ ಹೊಡೆದು ಬಲಭಾಗ ಸೋತುಹೋಯಿತು. ಮಾತು ಉಳಿಯಿತು, ನಗೆಯೂ ಉಳಿಯಿತು, ತಾನಾಗಿ ಎದ್ದು ನಿಲ್ಲುವುದು ಮಾತ್ರ ಹೋಯಿತು. ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನ ತಮ್ಮ ನನ್ನ ಹೆಗಲು ತಟ್ಟಿ, "ದೀದಿ, ತೂ ಹೈ ನಾ," ಅಂದ. ನೀನಿದ್ದೀಯಲ್ಲ. ಪ್ರೀತಿಯಿಂದಲೇ ಅಂದದ್ದು, ಅದರಲ್ಲಿ ಸಂಶಯವಿಲ್ಲ. ಚಿಕ್ಕವನಿದ್ದಾಗ ಅಕ್ಕ ಅನ್ನುತ್ತಿದ್ದವನು ಶಾಲೆಗೆ ಸೇರಿದ ಮೇಲೆ ದೀದಿಗೆ ಬಂದಿದ್ದ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಹಿಂದಿಯಲ್ಲಿ. ಅಷ್ಟು ಹೇಳಿ ಅವನು ಕಾಮೋಠೆಗೆ ಹೊರಟುಹೋದ.

ಅಂದಿನಿಂದ ಅಮ್ಮನನ್ನು ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ಬಚ್ಚಲಿನಿಂದ ಮತ್ತೆ ಮಂಚಕ್ಕೆ ಎತ್ತಿ ಕೂರಿಸುವುದು ನನ್ನ ಪಾಲಾಯಿತು. ಹಗಲು ಹೊತ್ತು ನೋಡಿಕೊಳ್ಳಲು ಕೆಲಸದ ಹೆಂಗಸೊಬ್ಬಳು, ಇಲ್ಲಿನವರ ಮಾತಿನಲ್ಲಿ ‘ಬಾಯಿ’, ಬರುತ್ತಿದ್ದಳು. ಸಂಜೆ ದೇವರಿಗೆ ದೀಪ ಹಚ್ಚಿ ಅವಳು ಹೊರಟಳೆಂದರೆ ನಾನು ಮನೆಯಲ್ಲಿರಬೇಕು. ಎತ್ತುವುದು ಒಂದು ದಿನಕ್ಕೆ ಕಷ್ಟವಲ್ಲ. ದಿನಾ ಎತ್ತಿದರೆ ಸೊಂಟಕ್ಕಿಂತ ಮೊದಲು ಮನಸ್ಸು ನೋಯುತ್ತದೆ. ಆ ನೋವು ಅಮ್ಮನಿಗೆ ಕಾಣಬಾರದು ಎಂದು ಮುಖ ಗಟ್ಟಿ ಮಾಡಿಕೊಂಡಿರುವುದು ಇನ್ನೊಂದು ಕೆಲಸ.

ಇಂಥದರ ನಡುವೆ ಬಾಸ್ಕೆಟ್‌ಬಾಲ್ ಎಲ್ಲಿಂದ ಬಂತು ಎಂದು ಕೇಳಿದವರು ಬಹಳ ಮಂದಿ. ಮಹಾಪೆಯ ಒಂದು ಕಂಪನಿಯಲ್ಲಿ ನನಗೆ ಕೆಲಸ. ದಿನವಿಡೀ ಕಂಪ್ಯೂಟರಿಗೆ ಮಾಹಿತಿ ತುಂಬಿಸುವುದು. ಆ ಭಾಗದ ಕಂಪನಿಗಳು ಸೇರಿ ವರ್ಷಕ್ಕೊಮ್ಮೆ ಆಟೋಟ ನಡೆಸುತ್ತಿದ್ದವು. ಗಂಡಸರಿಗೆ ಕ್ರಿಕೆಟ್ಟು. ಹೆಂಗಸರಿಗೆ ರಂಗೋಲಿ, ಥ್ರೋಬಾಲ್, ಮತ್ತೆ ನಮ್ಮ ಅಕೌಂಟ್ಸ್ ವಿಭಾಗದ ಮ್ಯಾಡಂ ಹಠ ಹಿಡಿದು ಸೇರಿಸಿದ ಬಾಸ್ಕೆಟ್‌ಬಾಲ್. ಮ್ಯಾಡಂ ಮರಾಠಿಯವರು, ಹರೆಯದಲ್ಲಿ ಯುನಿವರ್ಸಿಟಿ ತಂಡಕ್ಕೆ ಆಡಿದವರು, ಮೊಣಕಾಲು ಕೈಕೊಟ್ಟ ಮೇಲೆ ಬಾಯಲ್ಲಿ ಆಡುತ್ತಿದ್ದವರು. ಕ್ಯಾಂಟೀನಿನ ಸಾಲಿನಲ್ಲಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಲಂಬೂ, ಕಭೀ ಖೇಲಾ ಹೈ ಕ್ಯಾ?" ಎಂದು ಕೇಳಿದರು. ಉದ್ದನೆಯವಳೇ, ಯಾವತ್ತಾದರೂ ಆಡಿದ್ದೀಯಾ ಎಂದು. ಕಾಲೇಜಿನಲ್ಲಿ ಆಡಿದ್ದೆ ಅಂದೆ. ಅಷ್ಟೇ, ಮರುವಾರ ನೋಟಿಸ್ ಬೋರ್ಡಿನಲ್ಲಿ ನನ್ನ ಹೆಸರಿತ್ತು.

ಸಿಟ್ಟು ಬಂದಿತ್ತು, ಆದರೂ ಹೋದೆ. ಕೋಪರ್‌ಖೈರ್ಣೆಯ ಸಿಮೆಂಟಿನ ಅಂಗಳದಲ್ಲಿ ಮೊದಲ ಸಂಜೆ ಚೆಂಡು ಕೈಗೆ ಬಂದಾಗ, ಎಷ್ಟು ಹಗುರ ಅನ್ನಿಸಿತು. ಎಷ್ಟೋ ತಿಂಗಳಿಂದ ನಾನು ಎತ್ತಿದ್ದೆಲ್ಲ ಭಾರವೇ ಆಗಿತ್ತು. ಇದನ್ನು ಎತ್ತಿ ಬಿಟ್ಟುಬಿಡಬಹುದು, ಬಿದ್ದರೆ ಅದಕ್ಕೆ ನೋವಾಗುವುದಿಲ್ಲ. ವಾರಕ್ಕೆ ಎರಡು ಸಂಜೆ ಅಭ್ಯಾಸ. ಬಾಯಿಯನ್ನು ಕಾಡಿ ಬೇಡಿ ಆ ಎರಡು ದಿನ ಸ್ವಲ್ಪ ಹೊತ್ತು ಹೆಚ್ಚಿಗೆ ನಿಲ್ಲಲು ಒಪ್ಪಿಸಿದೆ. ಆ ಎರಡು ಸಂಜೆ ಬಿಟ್ಟರೆ ನನ್ನದು ಎಂದು ಹೇಳಿಕೊಳ್ಳುವುದಕ್ಕೆ ನನ್ನ ಬಳಿ ಏನೂ ಇರಲಿಲ್ಲ.

ಆಟ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಒಂದು ತಂಡಕ್ಕೆ ಐದು ಜನ. ಅವರಲ್ಲಿ ಎತ್ತರದವಳು ರಿಂಗಿಗೆ ಬೆನ್ನು ಹಾಕಿ, ಅದರ ಪಕ್ಕದಲ್ಲೇ ನಿಲ್ಲುತ್ತಾಳೆ. ಅವಳು ಸೆಂಟರ್. ಅಲ್ಲಿ ಅವಳ ಕೈಗೆ ಚೆಂಡು ಸಿಕ್ಕಿದರೆ, ತಿರುಗಿ ಹಾಕಿಬಿಡಬಹುದು. ನಮ್ಮ ಟೂರ್ನಮೆಂಟಿನಲ್ಲಿ ನನ್ನ ಕಿವಿಯ ಮಟ್ಟಕ್ಕೆ ಬರುವವರೇ ಅಪರೂಪ. ಹಾಗಾಗಿ ನಮ್ಮ ತಂಡದವರು ಮೊದಲ ವರ್ಷ ತಲೆ ಕೆಡಿಸಿಕೊಳ್ಳಲೇ ಇಲ್ಲ. ಚೆಂಡನ್ನು ನನ್ನತ್ತ ಎತ್ತರಕ್ಕೆ ಎಸೆಯುವುದು, ಆಮೇಲೆ ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಲ್ಲುವುದು. ಯಾಕೆ ನಿಂತಿರಿ ಎಂದು ಮ್ಯಾಡಂ ಕೇಳಿದರೆ ಅವರೂ ಅದನ್ನೇ ಹೇಳುತ್ತಿದ್ದರು: ಲಂಬೂ ಇದ್ದಾಳಲ್ಲ.

ನಿಲ್ಲುವುದಾದರೂ ದೂರ ನಿಂತಿದ್ದರೆ ಒಂದು ರೀತಿ. ನಾಲ್ವರೂ ಬಂದು ನನ್ನ ಸುತ್ತಲೇ ನಿಲ್ಲುತ್ತಿದ್ದರು. ಅವರ ಹಿಂದೆ ಅವರನ್ನು ಕಾಯುವ ಎದುರು ತಂಡದ ನಾಲ್ವರೂ ಬರುತ್ತಿದ್ದರು. ರಿಂಗಿನ ಕೆಳಗೆ ಕೈ ಆಡಿಸಲು ಜಾಗವಿರುತ್ತಿರಲಿಲ್ಲ. "ಅರೇ ಫೈಲ್ ಜಾವೋ! ಇಥೇ ಗರ್ದೀ ಕಶಾಲಾ?" ಎಂದು ಮ್ಯಾಡಂ ಗಂಟಲು ಹರಿದುಕೊಳ್ಳುತ್ತಿದ್ದರು. ಹರಡಿ ನಿಲ್ಲಿ, ಇಲ್ಲೇಕೆ ಗುಂಪು ಕಟ್ಟುತ್ತೀರಿ ಎಂದು. ಒಂದು ನಿಮಿಷ ಹರಡುತ್ತಿದ್ದರು, ಮತ್ತೆ ಬಂದು ಸೇರುತ್ತಿದ್ದರು. ರಿಂಗಿನ ಮುಂದೆ ಗೆರೆ ಎಳೆದ ಚೌಕದಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದು ಎಂಬ ನಿಯಮವಿದೆ. ಸೀಟಿ ಊದಿ ಊದಿ ರೆಫರಿಯ ಕೆನ್ನೆ ಸೋತಿರಬೇಕು, ನಮ್ಮವರು ಮಾತ್ರ ಕದಲುತ್ತಿರಲಿಲ್ಲ.

ಅದಕ್ಕೆ ಕಾರಣ ಆಟದ್ದಲ್ಲ, ರೈಲಿನದು. ನಾವೆಲ್ಲ ಕಲ್ಯಾಣ, ಡೊಂಬಿವಲಿ, ದಿವಾದವರು. ದಿನಾ ಬೆಳಿಗ್ಗೆ ಠಾಣೆಯವರೆಗೆ ಲೋಕಲ್, ಅಲ್ಲಿಂದ ನವಿ ಮುಂಬೈಗೆ ಹೋಗುವ ಇನ್ನೊಂದು ಲೋಕಲ್. ಬಾಗಿಲ ಬಳಿ ಕಾಲೂರಲು ಒಂದು ಗೇಣು ಜಾಗ ಸಿಕ್ಕಿದರೆ ಇಳಿಯುವ ತನಕ ಅದನ್ನು ಬಿಡಬಾರದು ಎಂದು ಮೈಯೇ ಕಲಿತುಕೊಂಡಿರುತ್ತದೆ. ಒಂದು ಹೆಜ್ಜೆ ಎತ್ತಿದರೆ ಅಲ್ಲಿ ಬೇರೆಯವರ ಕಾಲು ಬಂದಿರುತ್ತದೆ. ಹೀಗೆ ಬೆಳೆದವರನ್ನು ಅಂಗಳಕ್ಕೆ ತಂದು, ಒಳ್ಳೆಯ ಜಾಗದಲ್ಲಿ ನಿಲ್ಲಿಸಿ, ಈಗ ಅದನ್ನು ಬಿಟ್ಟು ದೂರ ಹೋಗು ಎಂದರೆ ಯಾರು ಕೇಳುತ್ತಾರೆ? ಮ್ಯಾಡಂಗೆ ಇದು ಹೊಳೆಯಲಿಲ್ಲ. ಅವರು ವಾಶಿಯಲ್ಲಿದ್ದವರು, ಸ್ಕೂಟರಿನಲ್ಲಿ ಬರುತ್ತಿದ್ದರು.

ಆ ವರ್ಷ ಸೆಮಿಫೈನಲಿನಲ್ಲಿ ತಂಡದ ಅಂಕಗಳೆಲ್ಲ ಹೆಚ್ಚುಕಡಿಮೆ ನಾನೇ ಹಾಕಿದೆ. ಮೂವರು ನನ್ನ ಮೈಮೇಲೆ ಬಿದ್ದಿದ್ದರು. ಒಬ್ಬಳು ಮುಂದೆ, ಒಬ್ಬಳು ಹಿಂದೆ, ಇನ್ನೊಬ್ಬಳು ತೋಳಿಗೆ ಜೋತುಬಿದ್ದು. ಹಾಕಿದೆ, ಹಾಕಿದೆ, ಕೊನೆಯ ಹೊತ್ತಿಗೆ ಕೈ ಏಳಲಿಲ್ಲ. ಸೋತೆವು. ಎಲ್ಲರೂ ಬಂದು ನನ್ನ ಬೆನ್ನು ತಟ್ಟಿ ಹೊಗಳಿದರು. ನನಗೆ ಹೊಗಳಿಕೆ ಬೇಡವಾಗಿತ್ತು. ಇಷ್ಟು ಜನರ ನಡುವೆ ಒಬ್ಬಳೇ ಇದ್ದೆನಲ್ಲ ಎಂಬುದು ಒಂದೇ ತಲೆಯಲ್ಲಿ ಸುತ್ತುತ್ತಿತ್ತು. ಮನೆಗೆ ಬಂದು ಅದೇ ಕೈಯಲ್ಲಿ ಅಮ್ಮನನ್ನು ಎತ್ತಿದೆ.

ಎರಡನೆಯ ವರ್ಷದ ಅಭ್ಯಾಸ ಶುರುವಾದ ಮೇಲೆ ಒಂದು ಸಂಜೆ ಬಾಯಿಯ ಮನೆಯಿಂದ ಕರೆ ಬಂತು, ಅವಳು ಬೇಗ ಹೊರಡಬೇಕಾಯಿತು. ನನಗೆ ಫೋನು ಮಾಡಿದ್ದಾಳೆ. ಫೋನು ಅಂಗಳದ ಬದಿಯಲ್ಲಿ ಚೀಲದೊಳಗಿತ್ತು. ನಾನು ಬಾಗಿಲು ತೆಗೆದಾಗ ಅಮ್ಮ ಮಂಚದ ಪಕ್ಕ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದರು.

"ಎಂತ ಆಗ್ಲಿಲ್ಲ ಮಾರಾಯ್ತಿ. ನೀರು ಬೇಕಿತ್ತು, ಕಾಲು ಜಾರಿತು. ಆರಾಮಾಗಿ ಫ್ಯಾನು ನೋಡ್ತಾ ಕೂತಿದ್ದೆ," ಅಂದರು.

ಪೆಟ್ಟಾಗಿರಲಿಲ್ಲ. ನೀರಿನ ತಂಬಿಗೆ ಮಾತ್ರ ಉರುಳಿ, ಸೀರೆಯ ಸೆರಗು ಒದ್ದೆಯಾಗಿ, ಅದು ಮೈಮೇಲೆಯೇ ಅರ್ಧ ಒಣಗಿತ್ತು. ಅಷ್ಟು ಹೊತ್ತು ಅವರು ಅಲ್ಲಿ ಕೂತಿದ್ದರು. ತಮ್ಮನಿಗೆ ಫೋನು ಮಾಡಿ ಹೇಳಿದರೆ ಅವನೂ ಗಾಬರಿಯಾದ. ಗಾಬರಿ ಇಳಿದ ಮೇಲೆ, "ದೀದಿ, ಇಸ್ ಉಮರ್ ಮೇಂ ಬಾಸ್ಕೆಟ್‌ಬಾಲ್? ಛೋಡ್ ದೇ ನಾ," ಅಂದ. ಈ ವಯಸ್ಸಿನಲ್ಲಿ ಅದೆಲ್ಲ ಯಾಕೆ, ಬಿಟ್ಟುಬಿಡು. ಬಿಟ್ಟುಬಿಡುವುದೇ ಸರಿ ಎಂದು ನನಗೂ ಅನ್ನಿಸಿತ್ತು. ಆದರೆ ಅವನ ಬಾಯಿಂದ ಅದು ಬಂದಾಗ ಮೈಯೆಲ್ಲ ಉರಿಯಿತು.

ಮಾರನೆಯ ದಿನ ಮ್ಯಾಡಂ ಬಳಿ ಹೋಗಿ ಇನ್ನು ಬರುವುದಿಲ್ಲ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು, ಒತ್ತಾಯ ಮಾಡಲಿಲ್ಲ. ಒತ್ತಾಯ ಮಾಡಿದ್ದರೆ ಜಗಳವಾದರೂ ಆಡಬಹುದಿತ್ತು.

ಜಗಳ ಆಡಿದವಳು ದಿವಾದ ಹುಡುಗಿ. ವಿಜಯಪುರದ ಕಡೆಯವಳು, ಅವಳ ಅಪ್ಪ ಕಟ್ಟಡ ಕಟ್ಟುವ ಕೆಲಸಕ್ಕೆಂದು ಬಂದು ದಿವಾದಲ್ಲೇ ನಿಂತವರು. ನನ್ನ ವಿಭಾಗದಲ್ಲೇ ಕೆಲಸ, ನಮ್ಮ ತಂಡದಲ್ಲಿ ಚೆಂಡು ಮುಂದಕ್ಕೆ ತರುವವಳು ಅವಳೇ. ಕುಳ್ಳಿ, ಕಾಲಿಗಿಂತ ನಾಲಗೆ ಚುರುಕು. ಬೆಳಗಿನ ಲೋಕಲಿನಲ್ಲಿ ನಮ್ಮದೊಂದು ಗ್ರೂಪಿತ್ತು. ನಾವು ಕೆಲವರು ಡೊಂಬಿವಲಿಯಲ್ಲಿ ಹತ್ತುವವರು, ಹೇಗೋ ಸೀಟು ಹಿಡಿಯುತ್ತಿದ್ದೆವು. ಅವಳೂ ಇನ್ನೂ ಒಬ್ಬಿಬ್ಬರೂ ದಿವಾದಲ್ಲಿ ಹತ್ತಿ ನಮ್ಮ ಮೊಣಕಾಲಿಗೆ ತಾಗಿ ನಿಲ್ಲುತ್ತಿದ್ದರು. ನಾನು ಬಿಟ್ಟ ಮರುದಿನ ಅವಳು ನನ್ನೆದುರು ನಿಂತು, ಮೇಲಿನ ಹಿಡಿಕೆಗೆ ಕೈ ಎಟುಕದೆ ನನ್ನ ಹೆಗಲನ್ನೇ ಹಿಡಿದುಕೊಂಡು ಶುರುಮಾಡಿದಳು.

"ಬಿಟ್ಟೀರಂತಲ್ರಿ ಅಕ್ಕಾರ?"

ಅಮ್ಮ ಬಿದ್ದದ್ದನ್ನು ಹೇಳಿದೆ. ಅವಳ ಮುಖ ಇಳಿಯಿತು. "ನಿಮ್ಮ ತಮ್ಮಗ ಬಾ ಅಂತ ಕೇಳೀರೇನು?" ಅಂದಳು.

"ಅವನಿಗೆ ಗೊತ್ತಿಲ್ವಾ? ಕೇಳ್ಬೇಕಾ?"

"ಗೊತ್ತಿರೂದ ಬ್ಯಾರೆ, ಕೇಳೂದ ಬ್ಯಾರೆ. ಒಂದ ಮಾತ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಆಟದಾಗೂ ನೀವು ಹಿಂಗ. ನಾವು ನಿಂತ್ಕೋತೀವಿ ಅಂತ ಬೈತೀರಿ. ಯಾಕ ಓಡಬೇಕ್ರಿ ನಾವು? ಒಮ್ಮಿ ನಿಮ್ಮ ಕೈಗೆ ಹ್ವಾದ ಬಾಲು ಹೊಳ್ಳಿ ಬಂದದ್ದ ನಾವು ನೋಡಿಲ್ಲ. ಮೂರ ಮಂದಿ ನಿಮ್ಮ ಮ್ಯಾಲ ಬಿದ್ರ ನಮ್ಮೊಳಗ ಯಾರರ ಖಾಲಿ ಇರ್ತಾರಿಲ್ರಿ? ನೀವು ಕಣ್ಣೆತ್ತಿ ನೋಡಂಗಿಲ್ಲ. ಹಲ್ಲ ಕಚ್ಚಿ ಒಬ್ಬರ ಒದ್ದಾಡತೀರಿ."

ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ದಿನ ಎಲ್ಲ ಭಾರ ನನ್ನ ಮೇಲೆ ಹೇರಿ, ಈಗ ಭಾರ ಹೊತ್ತದ್ದೇ ತಪ್ಪು ಅನ್ನುತ್ತಾಳಲ್ಲ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಕಿಟಕಿಯಲ್ಲಿ ಮುಂಬ್ರಾದ ಗುಡ್ಡ ಕಂಡಿತು. ಮಾತು ಅಲ್ಲಿಗೇ ಬಿಟ್ಟು ನಾನು ಎದ್ದೆ, ಅವಳು ಕೂತಳು.

ಇದು ನಮ್ಮ ಗ್ರೂಪಿನ ಪದ್ಧತಿ. ಅಂಥ ಪದ್ಧತಿ ಆ ಲೈನಿನ ಎಲ್ಲ ಗ್ರೂಪುಗಳಲ್ಲೂ ಇರುತ್ತದೆ, ಸ್ಟೇಷನ್ ಮಾತ್ರ ಬೇರೆ ಬೇರೆ. ಡೊಂಬಿವಲಿಯಿಂದ ಕೂತು ಬಂದವರು ಮುಂಬ್ರಾ ಬಂದರೆ ಏಳಬೇಕು, ನಿಂತವರು ಕೂರಬೇಕು. ಕೇಳುವಂತಿಲ್ಲ, ಉಪಕಾರ ಎಂದುಕೊಳ್ಳುವಂತಿಲ್ಲ. ಏಳುವುದಕ್ಕೂ ಒಂದು ಕೈಚಳಕ ಬೇಕು. ಸೀಟು ಒಂದು ಗಳಿಗೆ ಖಾಲಿ ಬಿದ್ದರೂ ಪರರು ಕೂತುಬಿಡುತ್ತಾರೆ. ಹಾಗಾಗಿ ಏಳುವವಳು ಪೂರ್ತಿ ಎದ್ದಿರುವುದಿಲ್ಲ, ಕೂರುವವಳು ಆಗಲೇ ಜಾರಿ ಒಳಗೆ ಬಂದಿರುತ್ತಾಳೆ. ಮುಂದಿನ ಸ್ಟೇಷನ್ನಿನ ತನಕ ಅವಳ ತಲೆಯ ಮೇಲಿಂದ ಖಾರಿಯ ಹಿನ್ನೀರನ್ನು ನೋಡುತ್ತ ನಿಂತೆ. ಜಾಗ ಬಿಡಲು ಬಾರದ ಹೆಂಗಸರು ಎಂದು ನಾನು ದೂರುತ್ತಿದ್ದೆ. ಇವರು ದಿನಾ ಬೆಳಿಗ್ಗೆ ಜಾಗ ಬಿಡುತ್ತಾರೆ. ಯಾರೋ ತಮ್ಮವರು ಆ ಜಾಗಕ್ಕೆ ಬರುತ್ತಾರೆ ಎಂದು ಗೊತ್ತಿದ್ದರೆ ಸುಲಭವಾಗಿ ಬಿಡುತ್ತಾರೆ. ನಾನು ಮಾತ್ರ ಈ ರೈಲಿನ ಆಚೆ ಎಲ್ಲೂ ಬಿಟ್ಟವಳಲ್ಲ.

ಠಾಣೆಯಲ್ಲಿ ಇಳಿಯುವ ಹೊತ್ತಿಗೆ ಸಿಟ್ಟು ಕರಗಿತ್ತು. ಪ್ಲಾಟ್‌ಫಾರ್ಮಿನಲ್ಲಿ ಅವಳ ಕೈ ಹಿಡಿದು ನಿಲ್ಲಿಸಿ, "ನನಗೆ ಪಾಸ್ ಕೊಟ್ಟ ಮೇಲೆ ನೀನು ನಿಲ್ಬೇಡ. ನನ್ನ ಹೆಗಲಿಗೆ ಉಜ್ಜಿಕೊಂಡು ರಿಂಗಿನ ಕಡೆ ಓಡು. ನೀನು ಬಿಟ್ಟ ಜಾಗಕ್ಕೆ ಆಚೆಯವಳು ಬರ್ಲಿ. ಸೀಟು ಬದಲಿಸಿದ ಹಾಗೆ," ಅಂದೆ.

"ಆಮ್ಯಾಲ ಬಾಲು?"

"ಕೊಡ್ತೇನೆ. ನೋಡಿ ಕೊಡ್ತೇನೆ."

ಅವಳು ನಕ್ಕಳು. ಆಫೀಸಿಗೆ ಹೋದವರೇ ಮ್ಯಾಡಂ ಎದುರು ಟೇಬಲಿನ ಮೇಲೆ ಪಿನ್ನು, ರಬ್ಬರು, ಸ್ಟೇಪ್ಲರು ಇಟ್ಟು ತೋರಿಸಿದೆವು. ಸ್ಟೇಪ್ಲರು ನಾನು. ಮ್ಯಾಡಂ ನೋಡಿ, ಇದನ್ನೇ ತಾನೆ ವರ್ಷದಿಂದ ಹೇಳುತ್ತಿರುವುದು ಎಂದು ಹಣೆ ಚಚ್ಚಿಕೊಂಡರು. ಹೇಳುತ್ತಿದ್ದದ್ದು ನಿಜ, ಆದರೆ ಅವರದು ಪುಸ್ತಕದ ಮಾತು.

ಅಭ್ಯಾಸಕ್ಕೆ ನಾನು ಮರಳಿದ ಸಂಜೆ ಅಂಗಳದಲ್ಲಿ ಆ ಆಟಕ್ಕೆ ಮುಂಬ್ರಾ ಎಂದೇ ಹೆಸರಾಯಿತು. ದಿವಾದ ಹುಡುಗಿ ಚೆಂಡು ತಂದು ನನಗೆ ಕೊಟ್ಟು "ಮುಂಬ್ರಾ!" ಎಂದು ಕೂಗಿ ಓಡುತ್ತಿದ್ದಳು. ಅವಳ ಜಾಗಕ್ಕೆ ಒಬ್ಬಳು, ಆ ಒಬ್ಬಳ ಜಾಗಕ್ಕೆ ಇನ್ನೊಬ್ಬಳು. ಕೂಗು ಕೇಳಿದ್ದೇ ತಡ ಎಲ್ಲರ ಕಾಲೂ ತಾನಾಗಿ ಏಳುತ್ತಿತ್ತು, ಯಾರಿಗೂ ವಿವರಿಸಬೇಕಾಗಲಿಲ್ಲ. ಅವರ ಹಿಂದೆ ಕಾಯುವವರೂ ಓಡಬೇಕಾಯಿತು, ರಿಂಗಿನ ಕೆಳಗೆ ಗರ್ದಿ ಕರಗಿತು. ನನ್ನ ಕೆಲಸ ನೋಡುವುದು. ನನ್ನ ಮೇಲೆ ಒಬ್ಬಳೇ ಇದ್ದರೆ ತಿರುಗಿ ನಾನೇ ಹಾಕುವುದು. ಇಬ್ಬರು ಬಂದರೆ ಖಾಲಿಯಿದ್ದವಳನ್ನು ಹುಡುಕಿ ಕೊಡುವುದು.

ಹೇಳಲು ಸುಲಭ, ನನಗೆ ಅದು ಬಹಳ ಕಷ್ಟವಾಯಿತು. ಚೆಂಡು ಕೈಗೆ ಬಂದರೆ ನನ್ನ ತೋಳು ಬಿಗಿದುಬಿಡುತ್ತಿತ್ತು, ಇವರಿಂದ ಆಗುವುದಿಲ್ಲ ಎಂದು ಮೊದಲೇ ತೀರ್ಮಾನಿಸಿದ ಹಾಗೆ. ಕೊಟ್ಟರೆ ಅವರು ತಪ್ಪಿಸುತ್ತಲೂ ಇದ್ದರು. ರಿಂಗಿನ ಕೆಳಗೇ ನಿಂತು ಚೆಂಡನ್ನು ಬೋರ್ಡಿನ ಆಚೆ ಕಳಿಸಿದವರಿದ್ದಾರೆ. ಹಾಗಾದ ಕೂಡಲೇ ಮುಂದಿನ ಸಲ ನಾನೇ ಹಾಕೋಣ ಎಂದು ಕೈ ತುರಿಸುತ್ತಿತ್ತು. ಮ್ಯಾಡಂ ಅದಕ್ಕೊಂದು ಕಟ್ಟಳೆ ಮಾಡಿದರು. "ಚುಕ್ಲೀ? ಪುನ್ಹಾ ತಿಲಾಚ್ ದೇ!" ತಪ್ಪಿಸಿದಳಾ, ಮತ್ತೆ ಅವಳಿಗೇ ಕೊಡು. ಇಲ್ಲದಿದ್ದರೆ ಅವಳು ನಾಳೆಯಿಂದ ಓಡುವುದಿಲ್ಲ ಎಂಬುದು ಅವರ ವಾದ.

ಅಭ್ಯಾಸದ ಸಂಜೆಗಳಿಗೆ ನೆರೆಮನೆಯ ಅಜ್ಜಿ ಬಂದು ಕೂರಲು ಒಪ್ಪಿದರು. ಎತ್ತಲು ಅವರಿಗಾಗದು, ಜೊತೆಗಿರಲು ಆದೀತು. ಆ ಏರ್ಪಾಡಿನಲ್ಲಿ ದಿನ ನೂಕಿ ಫೈನಲ್ ತಲುಪಿದೆವು. ಫೈನಲ್ ನೆರುಲ್‌ನಲ್ಲಿ, ಭಾನುವಾರ ಮಧ್ಯಾಹ್ನ. ಭಾನುವಾರ ಬಾಯಿಗೆ ರಜೆ. ನೆರೆಮನೆಯವರು ಅಂದು ಮದುವೆಯೊಂದಕ್ಕೆ ಹೋಗುವವರಿದ್ದರು. ಇನ್ನು ಉಳಿದವನು ಒಬ್ಬನೇ. ಫೋನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದೆ. ಕೇಳುವುದು ಇಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ.

"ಭಾನುವಾರ ಮಧ್ಯಾಹ್ನ ನೀನು ಬರ್ಬೇಕು. ಅಮ್ಮನ ಹತ್ರ ಇರ್ಲಿಕ್ಕೆ," ಅಂದೆ.

"ದೀದಿ, ಸಂಡೇ ಕೋ? ತೂ ಹೈ ನಾ..."

"ನಾನಿಲ್ಲ."

"ಮೆಗಾ ಬ್ಲಾಕ್ ರಹೇಗಾ," ಅಂದ. ಭಾನುವಾರ ದುರಸ್ತಿಗೆಂದು ಅರ್ಧ ರೈಲು ನಿಲ್ಲಿಸುವುದು ನಮ್ಮಲ್ಲಿ ಎಲ್ಲ ನೆಪಗಳಿಗೂ ಒದಗುತ್ತದೆ. ಕಳಂಬೋಲಿಯಿಂದ ಶಿಳ್‌ಫಾಟಾದ ಮೇಲೆ ಬರುವ ಬಸ್ಸುಂಟು ಎಂದೆ. ಅವನು ಉಸಿರೆಳೆದುಕೊಂಡ.

"ನೋಡು, ನೀನೂ ಇದೇ ಲೈನಿನಲ್ಲಿ ಕಾಲೇಜಿಗೆ ಹೋದವ. ಮುಂಬ್ರಾ ಬಂದ್ರೆ ಏಳ್ಬೇಕು ಅಂತ ನಿಂಗೆ ಯಾರೂ ಹೇಳಿಕೊಡ್ಲಿಲ್ಲ, ಆದ್ರೂ ಏಳ್ತಿದ್ದೆ ಅಲ್ವಾ? ಫ್ರೆಂಡ್ಸಿಗೆ ಸೀಟು ಕೊಟ್ಟೇ ಕೊಡ್ತಿದ್ದೆ. ಮುಂಬ್ರಾ ಬಂದು ಎಷ್ಟೋ ಸಮಯ ಆಯ್ತು. ಇನ್ನು ನೀನು ಏಳು."

ಅವನು ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ನಾನೇ ಫೋನು ಇಟ್ಟೆ.

ಭಾನುವಾರ ನಾನು ಹೊರಡುವ ಹೊತ್ತಾದರೂ ಅವನ ಸುಳಿವಿರಲಿಲ್ಲ. ಅಮ್ಮನಿಗೆ ಉಣ್ಣಿಸಿ, ನೀರಿನ ಬಾಟಲಿ ಎಡಗೈಗೆ ಎಟುಕುವಂತೆ ಇಟ್ಟು, ಹೊಸ್ತಿಲಲ್ಲಿ ನಿಂತೆ. ಕಾಲು ಏಳಲಿಲ್ಲ.

"ಹೋಗು ಮಾರಾಯ್ತಿ. ಅವ ಬರ್ತಾನೆ. ಬರದಿದ್ರೂ ನಾನು ಮಂಚದಿಂದ ಇಳಿಯುದಿಲ್ಲ, ಆಣೆ," ಅಂದರು ಅಮ್ಮ. ಆಮೇಲೆ ಸಣ್ಣ ದನಿಯಲ್ಲಿ, "ನೀನು ಹೋಗದಿದ್ರೆ ಅವ ಯಾವತ್ತೂ ಬರ್ಲಿಕ್ಕಿಲ್ಲ," ಅಂದರು.

ಕೀಲಿಕೈಯನ್ನು ಕೆಳಗಿನ ವಾಚ್‌ಮನ್ ಕೈಗೆ ಕೊಟ್ಟು ಹೋದೆ. ನೆರುಲ್ ತಲುಪುವವರೆಗೆ ಎರಡು ಸಲ ಇಳಿದು ವಾಪಸು ಬರುವ ಮನಸ್ಸಾಯಿತು. ಆಟ ಶುರುವಾಗಿ ಅರ್ಧಕ್ಕೆ ವಿರಾಮ ಬಂದಾಗ ತಮ್ಮನಿಗೆ ಫೋನು ಹಚ್ಚಿದೆ. ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದು ಹೆಂಗಸಿನ ದನಿ ಬಂತು. ಮನೆಯ ಫೋನು ಅಮ್ಮನ ಕೈಗೆ ದೂರ. ಮ್ಯಾಡಂ ನನ್ನ ಮುಖ ನೋಡಿ, ಹೋಗುವುದಾದರೆ ಹೋಗು ಅಂದರು. ನಾನು ಹೋಗಲಿಲ್ಲ. ಆ ನಿರ್ಧಾರ ಹೇಗೆ ಮಾಡಿದೆ ಎಂದು ಇಂದಿಗೂ ನನಗೆ ಗೊತ್ತಿಲ್ಲ. ತಮ್ಮನಿಗೆ ಕೊಟ್ಟದ್ದನ್ನು ಹಿಂದಕ್ಕೆ ಕಿತ್ತುಕೊಳ್ಳಬಾರದು ಎಂದಷ್ಟೇ ಮನಸ್ಸಿನಲ್ಲಿತ್ತು.

ಎದುರು ತಂಡ ಕಳೆದ ವರ್ಷ ನಮ್ಮನ್ನು ಸೋಲಿಸಿದ್ದೇ. ಅವರು ಅದೇ ಹಳೆಯ ಲೆಕ್ಕದಲ್ಲಿ ಮೂವರನ್ನು ನನ್ನ ಮೇಲೆ ಬಿಟ್ಟರು. "ಮುಂಬ್ರಾ!" ಎಂಬ ಕೂಗು ಎದ್ದಾಗ ಅಂಗಳದ ಸುತ್ತ ಕೂತಿದ್ದ ಲೋಕಲ್ ಪ್ರಯಾಣಿಕರೆಲ್ಲ ನಕ್ಕರು, ಅವರಿಗೆ ಬೇಗ ತಿಳಿಯಿತು, ಎದುರು ತಂಡಕ್ಕೆ ತಿಳಿಯುವಾಗ ತಡವಾಗಿತ್ತು. ನಾನು ಹಾಕಿದ್ದು ಕಳೆದ ಸಲದ ಅರ್ಧವೂ ಇಲ್ಲ. ಉಳಿದದ್ದೆಲ್ಲ ಅವರಿವರು ಹಾಕಿದರು. ದಿವಾದ ಹುಡುಗಿ ಒಮ್ಮೆ ತಪ್ಪಿಸಿದಳು, ಮತ್ತೆ ಅವಳಿಗೇ ಕೊಟ್ಟೆ, ಹಾಕಿದಳು. ಕೊನೆಯ ಗಳಿಗೆಯಲ್ಲಿ ನಾವು ಒಂದೇ ಅಂಕ ಹಿಂದಿದ್ದೆವು. ಚೆಂಡು ನನ್ನ ಕೈಗೆ ಬಂತು, ಇಬ್ಬರು ಮೇಲೆ ಬಿದ್ದರು, ಅವಳು ರಿಂಗಿನ ಪಕ್ಕ ಒಬ್ಬಳೇ ಇದ್ದಳು. ಕೊಟ್ಟೆ. ಚೆಂಡು ರಿಂಗಿನ ಅಂಚಿನಲ್ಲಿ ಕೂತು, ಯೋಚಿಸಿ, ಹೊರಗೆ ಬಿತ್ತು.

ಅವಳು ನೆಲದ ಮೇಲೆ ಕೂತು ಅತ್ತಳು. "ನೀವ ಹಾಕಬೇಕಿತ್ರಿ ಅಕ್ಕಾರ."

"ನೀನು ಖಾಲಿ ಇದ್ದೆ. ಬರುವ ವರ್ಷವೂ ನಿಂಗೇ ಕೊಡೂದು," ಅಂದೆ. ಸಮಾಧಾನಕ್ಕೆ ಹೇಳಿದ್ದಲ್ಲ. ಸೋತಿದ್ದೆವು, ಮೈಯೆಲ್ಲ ದಣಿದಿತ್ತು, ಆದರೆ ಒಬ್ಬಳೇ ಇದ್ದೆ ಎಂಬ ಭಾವ ಇರಲಿಲ್ಲ.

ಬ್ಲಾಕಿನಿಂದಾಗಿ ರೈಲು ಕುಂಟುತ್ತ ಬಂತು. ಡೊಂಬಿವಲಿಯಲ್ಲಿ ಇಳಿದು ಓಡಿದೆ ಅನ್ನುವ ಹಾಗೆ ನಡೆದೆ, ಮೆಟ್ಟಿಲು ಎರಡೆರಡಾಗಿ ಹತ್ತಿದೆ. ಬಾಗಿಲ ಹೊರಗೆ ತಮ್ಮನ ಚಪ್ಪಲಿ ಇತ್ತು. ಒಂದು ಮಗುಚಿ ಬಿದ್ದಿತ್ತು. ಅದನ್ನು ಸರಿಮಾಡಿ ಇಡುವಷ್ಟು ಹೊತ್ತು ನಾನು ಅಲ್ಲೇ ನಿಂತು ಉಸಿರು ಬಿಟ್ಟೆ.

ಒಳಗೆ ಅವನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ನಾನು ಹೊರಟ ಸ್ವಲ್ಪ ಹೊತ್ತಿಗೇ ಬಂದಿದ್ದನಂತೆ. ದಾರಿಯಲ್ಲಿ ಫೋನಿನ ಬ್ಯಾಟರಿ ಸತ್ತಿತ್ತು. ಎರಡು ಸಲ ಅಮ್ಮನನ್ನು ಬಚ್ಚಲಿಗೆ ಕರೆದುಕೊಂಡು ಹೋಗಿದ್ದ. ನನ್ನನ್ನು ನೋಡಿ ಏನೋ ಹೇಳಲು ಬಾಯಿ ತೆರೆದು, ಹಿಂದಿಯಲ್ಲಿ ಶಬ್ದ ಸಿಗದವನಂತೆ ತಡವರಿಸಿ, "ಅಕ್ಕ, ನೀನು ಒಬ್ಬಳೇ... ದಿನಾ?" ಅಂದ. ಎಷ್ಟೋ ವರ್ಷಗಳ ಮೇಲೆ ಅವನ ಬಾಯಲ್ಲಿ ಆ ಕರೆ ಕೇಳಿದೆ. ಚೀಲ ಕೆಳಗಿಟ್ಟು ಎದುರಿನ ಕುರ್ಚಿಯಲ್ಲಿ ಕೂತೆ.

ಅಮ್ಮನನ್ನು ಮಂಚದಿಂದ ಎಬ್ಬಿಸಿ ಕಿಟಕಿಯ ಬಳಿಯ ಕುರ್ಚಿಗೆ ತರುವ ಹೊತ್ತು ಅದು. ಅವನು ಬಗ್ಗಿ ಅಮ್ಮನ ಸೋತ ಕೈಯನ್ನು ಹಿಡಿದು ಎಳೆದ. ಅದು ತಪ್ಪು. ಅಮ್ಮ ಅರ್ಧ ಎದ್ದು ಮತ್ತೆ ಹಾಸಿಗೆಗೆ ಕುಸಿದರು. ತಮ್ಮ ತಿರುಗಿ ನನ್ನನ್ನು ನೋಡಿದ. ಅವನ ಕಣ್ಣಿನಲ್ಲಿ ಅದೇ ಮಾತಿತ್ತು, ನೀನಿದ್ದೀಯಲ್ಲ. ನನ್ನ ಕೈ ಆಗಲೇ ಕುರ್ಚಿಯ ಹಿಡಿಯನ್ನು ಒತ್ತಿತ್ತು, ಮೈ ಅರ್ಧ ಎದ್ದಿತ್ತು.

ಮತ್ತೆ ಕೂತೆ.

"ಕೈ ಎಳೀಬೇಡ. ಸೊಂಟ ಹಿಡ್ಕೊ, ಮೊಣಕಾಲು ಬಗ್ಗಿಸು. ಇನ್ನೊಮ್ಮೆ," ಅಂದೆ.

ಅವನು ಮೊಣಕಾಲು ಬಗ್ಗಿಸಿದ. ಅಮ್ಮ ಎಡಗೈಯನ್ನು ಅವನ ಕುತ್ತಿಗೆಗೆ ಹಾಕಿದರು. ಇಬ್ಬರೂ ಸ್ವಲ್ಪ ವಾಲಿದರು, ಗೋಡೆಗೆ ತಾಗಿದರು, ನಿಂತರು. ಮಗನ ಹೆಗಲ ಮೇಲಿಂದ ಅಮ್ಮ ಕೆಳಗೆ, ನನ್ನ ಕಡೆ ನೋಡಿದರು. ಅವರು ನಿಂತಿದ್ದು ನಾನು ಕೂತಿದ್ದದ್ದು ಆ ಮನೆಯಲ್ಲಿ ಯಾವಾಗಿನ ಮಾತೋ.

"ನೀನು ಏಳ್ಬೇಡ," ಅಂದರು ಅಮ್ಮ. "ಕೂತ್ಕೊ."